ಸಂಸ್ಥಾಪನಾ ದಿನವೇ ಜಾತ್ರೆಯಾದ ವಿದ್ಯಾಲಯ: ಶಾಂತಿನಿಕೇತನದ ಪೌಷ ಉತ್ಸವ

ಶಾಲಾ ಕಾಲೇಜುಗಳ ವಾರ್ಷಿಕೋತ್ಸವವೆಂದರೆ ಪ್ರಾರ್ಥನೆ, ಸ್ವಾಗತ, ವಾರ್ಷಿಕ ವರದಿಯ ವಾಚನ, ಬಹುಮಾನ ವಿತರಣೆ, ಕೊನೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮ ಎಂಬ ಕ್ರಮ ನಮ್ಮಲ್ಲಿ ರೂಢಿಯಾಗಿದೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶತಮಾನೋತ್ಸವಗಳನ್ನು ಆಚರಿಸುವ ವಿದ್ಯಾಸಂಸ್ಥೆಗಳು ಈಚೆಗೆ ಭಾರತೀಯ ಸಾಂಸ್ಕೃತಿಕ ಪರಂಪರೆಯನ್ನೇ ಸಂಭ್ರಮದ ಮುಖ್ಯ ವಸ್ತುವಾಗಿ ಆರಿಸಿಕೊಳ್ಳುತ್ತಿವೆ. ವೀರಗಾಸೆ, ಡೊಳ್ಳು ಕುಣಿತ, ಕಂಸಾಳೆ, ಭರತನಾಟ್ಯ, ವಚನ ಗಾಯನಗಳು ಒಂದೇ ಸಂಜೆ ಒಂದೇ ವೇದಿಕೆಯ ಮೇಲೆ ಬಂದು ಹೋಗುತ್ತವೆ. ಇದು ಸ್ವಾಗತಾರ್ಹವಾದ ಬೆಳವಣಿಗೆ. ಆದರೆ ಹತ್ತು ನಿಮಿಷಗಳ ಪ್ರದರ್ಶನ ಮುಗಿದು, ಬಾಡಿಗೆಗೆ ತಂದ ಉಡುಪು ಮರಳಿ ಅಂಗಡಿ ಸೇರಿದ ಮೇಲೆ ಆ ಕಾಲೇಜಿನಲ್ಲಿ ಏನು ಉಳಿಯುತ್ತದೆ? ಆ ಕಲೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿಗೂ ಆ ಕಾಲೇಜಿಗೂ ಏನು ಸಂಬಂಧ ಉಂಟಾಗುತ್ತದೆ? ವಾರ್ಷಿಕೋತ್ಸವವನ್ನು ಯೋಜಿಸುವ ಪ್ರತಿಯೊಬ್ಬ ಪ್ರಾಚಾರ್ಯರೂ ಆಡಳಿತ ಮಂಡಳಿಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಈ ಪ್ರಶ್ನೆಗಳನ್ನು ನೂರು ವರ್ಷಗಳಿಗೂ ಹಿಂದೆಯೇ ಎದುರಿಸಿದ ಸಂಸ್ಥೆಯೊಂದು ನಮ್ಮ ದೇಶದಲ್ಲಿದೆ. ಅದು ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಶಾಂತಿನಿಕೇತನ. ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಬೋಲ್ಪುರ ರೈಲು ನಿಲ್ದಾಣದ ಸಮೀಪದಲ್ಲಿರುವ ಈ ವಿದ್ಯಾಕೇಂದ್ರವು ತನ್ನ ಸಂಸ್ಥಾಪನೆಯ ದಿನಗಳನ್ನು ಒಂದು ಜಾತ್ರೆಯ ರೂಪದಲ್ಲಿ ಆಚರಿಸುತ್ತ ಬಂದಿದೆ. ಅದರ ಹೆಸರು ಪೌಷ ಉತ್ಸವ. ಅದರೊಡನೆ ಕೂಡಿ ಬರುವ ಸಂತೆ ಪೌಷ ಮೇಳ. ಈ ಆಚರಣೆಯ ಹುಟ್ಟು, ಕ್ರಮ, ಬೆಳವಣಿಗೆ ಹಾಗೂ ಈಚಿನ ವರ್ಷಗಳಲ್ಲಿ ಅದು ಕಂಡ ಸಂಕಟಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಸಪ್ತಪರ್ಣಿಯ ನೆರಳು

ಶಾಂತಿನಿಕೇತನದ ಕಥೆ ಕವಿ ರವೀಂದ್ರನಾಥ ಠಾಕೂರರಿಂದಲ್ಲ, ಅವರ ತಂದೆ ಮಹರ್ಷಿ ದೇವೇಂದ್ರನಾಥ ಠಾಕೂರರಿಂದ (1817–1905) ಆರಂಭವಾಗುತ್ತದೆ. 1843ರ ಡಿಸೆಂಬರ್ 21ರಂದು, ಅಂದರೆ ಬಂಗಾಳಿ ಪಂಚಾಂಗದ ಪೌಷ ಮಾಸದ 7ನೆಯ ದಿನ, ದೇವೇಂದ್ರನಾಥರು ಇಪ್ಪತ್ತು ಮಂದಿ ಸಂಗಡಿಗರೊಡನೆ ರಾಮಚಂದ್ರ ವಿದ್ಯಾವಾಗೀಶರಿಂದ ಬ್ರಾಹ್ಮ ಧರ್ಮದ ದೀಕ್ಷೆಯನ್ನು ಪಡೆದರು. ಬಂಗಾಳದ ಪೌಷವು ಸೌರಮಾನದ ತಿಂಗಳಾದ್ದರಿಂದ ಅದು ನಮ್ಮ ಧನುರ್ಮಾಸದ ಕಾಲಕ್ಕೆ ಸರಿಹೊಂದುತ್ತದೆ. ಭತ್ತದ ಕೊಯ್ಲು ಮುಗಿದು ರೈತರ ಮನೆಗೆ ಕಾಳು ಬಂದಿರುವ, ಚಳಿ ಹಿತವಾಗಿರುವ ಕಾಲ ಅದು. ಮಹರ್ಷಿಗಳ ಜೀವನದಲ್ಲಿ ಪೌಷದ ಏಳನೆಯ ದಿನ ಮರುಹುಟ್ಟಿನ ದಿನವಾಗಿ ಉಳಿಯಿತು.

1863ರಲ್ಲಿ ಅವರು ರಾಯಪುರದ ಜಮೀನ್ದಾರರಿಂದ ಬೋಲ್ಪುರದ ಹತ್ತಿರ ಇಪ್ಪತ್ತು ಬಿಘಾ ಭೂಮಿಯನ್ನು ಶಾಶ್ವತ ಗುತ್ತಿಗೆಗೆ ಪಡೆದರು. ಕೆಂಪು ಮಣ್ಣಿನ ಬರಡು ಬಯಲು. ನೆರಳಿಗೆ ಇದ್ದದ್ದು ಸಪ್ತಪರ್ಣಿಯ ಮರಗಳು. ನಮ್ಮ ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ದಿನ ತೊಗಟೆಯ ಕಷಾಯ ಮಾಡಿ ಕುಡಿಯುವ ಹಾಲೆಮರವೇ ಈ ಸಪ್ತಪರ್ಣಿ. ಬಂಗಾಳಿಗಳು ಇದನ್ನು ಛಾತಿಮ್ ಎನ್ನುತ್ತಾರೆ. ಅದರ ಬುಡದಲ್ಲಿ ಮಹರ್ಷಿಗಳು ಧ್ಯಾನಕ್ಕೆ ಕುಳಿತರು. ಅಲ್ಲಿ ಕಟ್ಟಿಸಿದ ಮನೆಗೆ ಶಾಂತಿನಿಕೇತನವೆಂದು ಹೆಸರಿಟ್ಟರು. ಮುಂದೆ ಆ ಹೆಸರು ಇಡೀ ಊರಿಗೆ ನಿಂತಿತು.

1888ರಲ್ಲಿ ಮಹರ್ಷಿಗಳು ಈ ಸ್ಥಳವನ್ನು ಒಂದು ವಿಶ್ವಸ್ತ ಮಂಡಳಿಗೆ ಒಪ್ಪಿಸಿ ಪತ್ರ ಬರೆದುಕೊಟ್ಟರು. ವಿದ್ಯಾಸಂಸ್ಥೆಗಳನ್ನು ನಡೆಸುವವರೆಲ್ಲ ಗಮನಿಸಬೇಕಾದ ದಸ್ತಾವೇಜು ಇದು. ಜಾತಿ ಪಂಥಗಳ ಭೇದವಿಲ್ಲದೆ ಯಾರು ಬೇಕಾದರೂ ಇಲ್ಲಿ ನಿರಾಕಾರ ಪರಮಾತ್ಮನ ಉಪಾಸನೆ ಮಾಡಬಹುದು. ಯಾವ ಧರ್ಮವನ್ನೂ ಯಾರ ಆರಾಧ್ಯವನ್ನೂ ಇಲ್ಲಿ ನಿಂದಿಸಬಾರದು. ಮದ್ಯ ಮಾಂಸಗಳಿಗೆ ಅವಕಾಶವಿಲ್ಲ. ವರ್ಷಕ್ಕೊಮ್ಮೆ ಒಂದು ಮೇಳವನ್ನು ನಡೆಸಬೇಕು. ಎಲ್ಲ ಪಂಥಗಳ ಸಾಧುಸಂತರು ಅಲ್ಲಿಗೆ ಬಂದು ಧರ್ಮವಿಚಾರ ಮಾಡಬಹುದು. ಅಶ್ಲೀಲವಾದ ಮನರಂಜನೆ ಸಲ್ಲದು ಎಂಬ ನಿಯಮಗಳು ಅದರಲ್ಲಿವೆ. ಇಲ್ಲಿ ಒಂದು ವಿದ್ಯಾಲಯವನ್ನು ಸ್ಥಾಪಿಸುವ ಅವಕಾಶವನ್ನೂ ಅದೇ ಪತ್ರದಲ್ಲಿ ಕಲ್ಪಿಸಲಾಗಿತ್ತು.

1891ರ ಪೌಷದ ಏಳರಂದು ಬಣ್ಣದ ಗಾಜಿನ ಗೋಡೆಗಳ ಉಪಾಸನಾ ಮಂದಿರ ಉದ್ಘಾಟನೆಗೊಂಡಿತು. 1894ರಲ್ಲಿ ಮೊದಲ ಮೇಳ ಸೇರಿತು. ಶಾಲೆ ಇನ್ನೂ ಹುಟ್ಟಿರಲಿಲ್ಲ. ಸುತ್ತಲಿನ ಹಳ್ಳಿಗಳ ಜನ ವರ್ಷಕ್ಕೊಮ್ಮೆ ಬಂದು ಸೇರುವ ಅಂಗಳ ಮೊದಲು ಸಿದ್ಧವಾಯಿತು; ಪಾಠಶಾಲೆ ಆ ಅಂಗಳದಲ್ಲಿ ಆಮೇಲೆ ಬೆಳೆಯಿತು.

ಮೇಳದ ದಿನ ಹುಟ್ಟಿದ ಶಾಲೆ

1901ರ ಡಿಸೆಂಬರ್ 22ರಂದು, ಮತ್ತೆ ಪೌಷದ ಏಳನೆಯ ದಿನವೇ, ರವೀಂದ್ರನಾಥರು ಐವರು ವಿದ್ಯಾರ್ಥಿಗಳೊಡನೆ ಬ್ರಹ್ಮಚರ್ಯಾಶ್ರಮವೆಂಬ ಶಾಲೆಯನ್ನು ಆರಂಭಿಸಿದರು. ಅವರಲ್ಲಿ ಒಬ್ಬರು ಕವಿಯ ಮಗ ರಥೀಂದ್ರನಾಥರು. ಪಾಠ ನಡೆಯುತ್ತಿದ್ದುದು ಮರದ ಕೆಳಗೆ. ಹಣದ ಅಡಚಣೆ ಮೊದಲ ದಿನದಿಂದಲೂ ಇತ್ತು. ಪತ್ನಿ ಮೃಣಾಲಿನಿ ದೇವಿಯವರು ಶಾಲೆಗಾಗಿ ತಮ್ಮ ಒಡವೆಗಳನ್ನು ಕೊಟ್ಟರು. ಪುರಿಯಲ್ಲಿದ್ದ ಮನೆಯನ್ನು ಕವಿ ಮಾರಿದರು. ಶಾಲೆ ಆರಂಭವಾದ ಒಂದು ವರ್ಷದೊಳಗೆ ಮೃಣಾಲಿನಿ ದೇವಿಯವರು ತೀರಿಕೊಂಡರು. ಒಂದು ವಿದ್ಯಾಸಂಸ್ಥೆಯ ವಾರ್ಷಿಕೋತ್ಸವದಲ್ಲಿ ನೆನೆಯಬೇಕಾದ ಮೊದಲ ಋಣ ಇಂಥದು. ಬಳೆ ಬಿಚ್ಚಿಕೊಟ್ಟ ತಾಯಂದಿರು, ಹೊಲ ಬಿಟ್ಟುಕೊಟ್ಟ ದಾನಿಗಳು, ಸಂಬಳವಿಲ್ಲದೆ ಕಲಿಸಿದ ಶಿಕ್ಷಕರು ನಮ್ಮ ನಾಡಿನ ಎಷ್ಟೋ ಸಂಸ್ಥೆಗಳ ಅಡಿಪಾಯದಲ್ಲಿಯೂ ಇದ್ದಾರೆ.

ಶಾಲೆ ಬೆಳೆದು ಉನ್ನತ ವಿದ್ಯಾಕೇಂದ್ರವಾಯಿತು. 1918ರ ಡಿಸೆಂಬರಿನಲ್ಲಿ ವಿಶ್ವಭಾರತಿಗೆ ಅಡಿಗಲ್ಲು ಇಡಲಾಯಿತು. 1921ರ ಡಿಸೆಂಬರ್ 23ರಂದು, ಪೌಷದ ಎಂಟರಂದು, ಅದನ್ನು ವಿಧ್ಯುಕ್ತವಾಗಿ ಲೋಕಕ್ಕೆ ಸಮರ್ಪಿಸಲಾಯಿತು. ಆ ಸಭೆಯ ಅಧ್ಯಕ್ಷತೆ ವಹಿಸಿದವರು ಆಚಾರ್ಯ ಬ್ರಜೇಂದ್ರನಾಥ ಸೀಲರು. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೆಂದರೆ, ಸೀಲರು ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ವಿದ್ಯಾರ್ಥಿ ದೆಸೆಯಲ್ಲಿ ಸ್ವಾಮಿ ವಿವೇಕಾನಂದರ ಸಹಪಾಠಿಯಾಗಿದ್ದ ಈ ತತ್ವಜ್ಞಾನಿ ಮುಂದೆ ಮೈಸೂರು ಸಂಸ್ಥಾನದ ರಾಜ್ಯಾಂಗ ಸುಧಾರಣೆಯ ಸಮಿತಿಗೂ ಅಧ್ಯಕ್ಷರಾದರು. ಕನ್ನಡ ನೆಲದೊಡನೆ ಕವಿಗೆ ಅದಕ್ಕೂ ಹಿಂದಿನ ನಂಟೊಂದು ಇತ್ತು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಅಲ್ಲಿಗೆ ಬಂದು ತಂಗಿದ್ದರು; ಅವರ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಅಲ್ಲಿಯೇ ರಚನೆಯಾಯಿತು. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರಿದೆ.

ಹೀಗೆ ದೀಕ್ಷೆಯ ದಿನ, ಮಂದಿರದ ದಿನ, ಶಾಲೆಯ ದಿನ, ವಿಶ್ವವಿದ್ಯಾಲಯದ ದಿನ ಎಲ್ಲವೂ ಪೌಷದ ಏಳು ಎಂಟರಲ್ಲಿ ಒಂದಾಗಿವೆ. 1951ರಲ್ಲಿ ವಿಶ್ವಭಾರತಿಯು ಸಂಸತ್ತಿನ ಕಾಯಿದೆಯ ಮೂಲಕ ಕೇಂದ್ರೀಯ ವಿಶ್ವವಿದ್ಯಾಲಯವಾದ ಮೇಲೆಯೂ ಈ ತಿಥಿಗಳ ಮಹತ್ವ ಬದಲಾಗಲಿಲ್ಲ.

ಉತ್ಸವದ ಕ್ರಮ

ಪೌಷದ ಏಳರ ನಸುಕಿನಲ್ಲಿ ವೈತಾಲಿಕ ನಡೆಯುತ್ತದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಹಾಡುತ್ತ ಆಶ್ರಮದ ದಾರಿಗಳಲ್ಲಿ ಸಾಗುತ್ತಾರೆ. ಅನಂತರ ಎಲ್ಲರೂ ಸಪ್ತಪರ್ಣಿಯ ಬುಡದಲ್ಲಿ ಸೇರಿ ಉಪಾಸನೆ ಮಾಡುತ್ತಾರೆ. ಅಲ್ಲಿ ವೇದಿಕೆಯ ಅಲಂಕಾರ ಅಲ್ಪ. ನೆಲದ ಮೇಲೆ ಬಿಡಿಸಿದ ಅಲ್ಪನಾ, ಹೂವು, ದೀಪ, ಮಂತ್ರಪಠನ ಹಾಗೂ ಹಾಡು ಇಷ್ಟೇ. ಪೌಷದ ಎಂಟು ವಿಶ್ವಭಾರತಿಯ ಸಂಸ್ಥಾಪನಾ ದಿನ. ಇಲ್ಲಿಯ ಘಟಿಕೋತ್ಸವದಲ್ಲಿ ಪದವೀಧರರಿಗೆ ಸಪ್ತಪರ್ಣಿಯ ಎಲೆಗೊಂಚಲನ್ನು ನೀಡುವುದು ಸಂಪ್ರದಾಯ.

ಪೌಷದ ಒಂಬತ್ತನೆಯ ದಿನವನ್ನು ಅಗಲಿದವರ ಸ್ಮರಣೆಗೆ ಮೀಸಲಿಡಲಾಗಿದೆ. ಆಶ್ರಮದಲ್ಲಿ ಕಲಿತು ಕಲಿಸಿ ಕಾಲವಾದವರನ್ನು ಅಂದು ನೆನೆಯುತ್ತಾರೆ. ಸಂಸ್ಥೆಯ ವಾರ್ಷಿಕೋತ್ಸವದ ನಡುವೆಯೇ ಹೀಗೆ ಒಂದು ಮೌನದ ಹೊತ್ತನ್ನು ಇರಿಸಿರುವುದು ಈ ಆಚರಣೆಯ ವಿಶೇಷ. ಡಿಸೆಂಬರ್ 25ರಂದು ಅದೇ ಉಪಾಸನಾ ಮಂದಿರದಲ್ಲಿ ಕ್ರಿಸ್ತೋತ್ಸವ ನಡೆಯುತ್ತದೆ. ಅನ್ಯಧರ್ಮದ ನಿಂದೆ ಕೂಡದೆಂದು 1888ರಲ್ಲಿ ಬರೆದ ಮಾತು ಗೌರವದ ಆಚರಣೆಯಾಗಿ ಬೆಳೆದದ್ದು ಹೀಗೆ.

ಮೇಳದ ಅಂಗಳದಲ್ಲಿ

ಉಪಾಸನೆ ನಡೆಯುವ ಹೊತ್ತಿಗೆ ಇತ್ತ ಮೇಳದ ಬಯಲು ತುಂಬಿರುತ್ತದೆ. ಆರಂಭದಲ್ಲಿ ಮಂದಿರದ ಸಮೀಪದ ಬಯಲಿನಲ್ಲಿ ಸೇರುತ್ತಿದ್ದ ಮೇಳ ಜನ ಹೆಚ್ಚಿದಂತೆ ಪೂರ್ವಪಲ್ಲಿಯ ವಿಶಾಲ ಮೈದಾನಕ್ಕೆ ಸ್ಥಳಾಂತರಗೊಂಡಿತು. ಮಣ್ಣಿನ ಮಡಕೆ ಬೊಂಬೆಗಳು, ಬಿದಿರು ಬೆತ್ತದ ಸಾಮಾನುಗಳು, ಮೇಣದ ಅಚ್ಚಿನಿಂದ ಎರಕ ಹೊಯ್ದ ಡೋಕ್ರಾ ಲೋಹಶಿಲ್ಪ, ನಮ್ಮ ಕೌದಿಯನ್ನು ನೆನಪಿಸುವ ಕಾಂಥಾ ಕಸೂತಿ, ಕೈಮಗ್ಗದ ಬಟ್ಟೆ, ಕೃಷಿ ಸಲಕರಣೆ, ಹೊಸ ಬೆಲ್ಲದ ತಿನಿಸು ಎಲ್ಲವೂ ಅಲ್ಲಿ ಮಾರಾಟಕ್ಕೆ ಬರುತ್ತವೆ. ಸುತ್ತಲಿನ ಸಂತಾಲ ಬುಡಕಟ್ಟಿನವರು ತಮ್ಮ ಮಾದಲ, ಕೊಳಲುಗಳೊಡನೆ ಬಂದು ಕೈ ಕೈ ಹಿಡಿದು ಸಾಲಾಗಿ ಕುಣಿಯುತ್ತಾರೆ. ಕೀರ್ತನೆ ಇದೆ, ಜಾತ್ರಾ ಎಂಬ ಬಯಲಾಟವಿದೆ. ಇಬ್ಬರು ಕವಿಗಳು ನಿಂತಲ್ಲೇ ಪದ ಕಟ್ಟಿ ಸವಾಲು ಜವಾಬಿಗಿಳಿಯುವ ಕವಿಗಾನವೂ ಇದೆ. ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ ನಾಗೇಶಿ ವಾದವನ್ನು ಕೇಳಿದವರಿಗೆ ಇದು ಪರಿಚಿತವೆನಿಸುತ್ತದೆ.

ಮೇಳದ ಜೀವಾಳ ಬಾವುಲ್ ಗಾಯಕರು. ಏಕತಾರಿ ಮೀಟುತ್ತ, ಕಾಲಿನ ಗೆಜ್ಜೆಗೆ ಹೆಜ್ಜೆ ಹಾಕುತ್ತ, ದೇಹವನ್ನೇ ದೇಗುಲವೆಂದು ಬಗೆದು, ಒಳಗಿರುವ ‘ಮನದ ಮನುಷ್ಯ’ನನ್ನು ಅರಸುವ ಹಾಡುಗಾರರು ಇವರು. ಇವರಲ್ಲಿ ಹಿಂದೂ ಮುಸ್ಲಿಮ್ ಎಂಬ ಗೆರೆ ತೆಳುವಾದದ್ದು. ಫಕೀರರೂ ಇವರೊಡನೆ ಹಾಡುತ್ತಾರೆ. ನಮ್ಮ ತತ್ವಪದಕಾರರ ಪರಂಪರೆಯನ್ನು ಬಲ್ಲವರಿಗೆ ಬಾವುಲರು ಹತ್ತಿರದ ಬಂಧುಗಳಂತೆ ಕಾಣುತ್ತಾರೆ. ಬಂಗಾಳದ ಸುಶಿಕ್ಷಿತ ಸಮಾಜ ಒಂದು ಕಾಲದಲ್ಲಿ ಇವರನ್ನು ಭಿಕ್ಷುಕರೆಂದೇ ಎಣಿಸಿತ್ತು. ರವೀಂದ್ರನಾಥರು 1915–16ರಲ್ಲಿ ಲಾಲನ್ ಫಕೀರರ ಇಪ್ಪತ್ತು ಹಾಡುಗಳನ್ನು ‘ಪ್ರವಾಸಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಗನ್ ಹರಕರಾ ಎಂಬ ಅಂಚೆಯಾಳಿನ ಹಾಡಿನ ಧಾಟಿಯನ್ನು ಆಧರಿಸಿ ಅವರು ರಚಿಸಿದ ಗೀತೆ ಮುಂದೆ ಬಾಂಗ್ಲಾದೇಶದ ರಾಷ್ಟ್ರಗೀತೆಯಾಯಿತು. 2005ರಲ್ಲಿ ಯುನೆಸ್ಕೊ ಬಾಂಗ್ಲಾದೇಶದ ಬಾವುಲ್ ಗಾನವನ್ನು ಮಾನವಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಯೆಂದು ಘೋಷಿಸಿತು. ಆ ಮನ್ನಣೆಗೆ ಒಂದು ಶತಮಾನ ಮೊದಲೇ ಒಂದು ಶಾಲೆಯ ಅಂಗಳದಲ್ಲಿ ಈ ಹಾಡುಗಾರರಿಗೆ ಅತಿಥಿಗಳ ಸ್ಥಾನ ದೊರಕಿತ್ತು.

ಕಲೆ ಬಲ್ಲವರೇ ಗುರುಗಳು

ಮೇಳ ಮುಗಿದ ಮೇಲೆಯೂ ಪರಂಪರೆಯ ಪಾಠ ಮುಂದುವರಿಯುವಂತೆ ನೋಡಿಕೊಂಡದ್ದು ಶಾಂತಿನಿಕೇತನದ ಮುಖ್ಯ ಸಾಧನೆ. 1919ರಲ್ಲಿ ಸಿಲ್ಹೆಟ್ ಪ್ರವಾಸದಲ್ಲಿದ್ದಾಗ ರವೀಂದ್ರನಾಥರು ಮಣಿಪುರಿ ನೃತ್ಯವನ್ನು ಕಂಡು ಮನಸೋತರು. ಕಲಾವಿದರನ್ನು ಕರೆಸಿ ಒಂದು ಸಂಜೆ ಪ್ರದರ್ಶನ ಮಾಡಿಸಿ ಕಳುಹಿಸಿ ಸುಮ್ಮನಾಗಬಹುದಿತ್ತು. ಅವರು ಗುರು ಬುದ್ಧಿಮಂತ ಸಿಂಹರನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡು ವಿದ್ಯಾರ್ಥಿಗಳಿಗೆ ಕಲಿಸಲು ನಿಯಮಿಸಿದರು. ಕೆಲವು ವರ್ಷಗಳ ತರುವಾಯ ನವಕುಮಾರ ಸಿಂಹರು ಬಂದರು. ಕುಲೀನ ಮನೆತನದ ಹೆಣ್ಣುಮಕ್ಕಳು ಜನರೆದುರು ನರ್ತಿಸುವುದು ನಿಂದೆಗೆ ಗುರಿಯಾಗಿದ್ದ ಆ ಕಾಲದಲ್ಲಿ, 1926ರಲ್ಲಿ ‘ನಟೀರ್ ಪೂಜಾ’ ನಾಟಕದ ಮೂಲಕ ಆಶ್ರಮದ ಹುಡುಗಿಯರು ವೇದಿಕೆಯೇರಿದರು.

ಉತ್ಸವದ ನೆಲವನ್ನು ಅಲಂಕರಿಸುವ ಅಲ್ಪನಾದ ಕಥೆಯೂ ಇಂಥದೇ. ಅಕ್ಕಿಯನ್ನು ನೆನೆಸಿ ಅರೆದ ಹಿಟ್ಟಿನಿಂದ ಬಂಗಾಳದ ಗೃಹಿಣಿಯರು ವ್ರತದ ದಿನಗಳಲ್ಲಿ ಬಿಡಿಸುವ ರಂಗೋಲಿ ಇದು. ಹಳ್ಳಿಯ ಮನೆಯಂಗಳದ ಈ ಕಲೆಯಲ್ಲಿ ಪಳಗಿದ್ದ ಸುಕುಮಾರಿ ದೇವಿಯವರು ಕಲಾಭವನದಲ್ಲಿ ಅದನ್ನು ಕಲಿಸಿದರು. ನಂದಲಾಲ್ ಬೋಸರಂಥ ಮಹಾನ್ ಚಿತ್ರಕಾರರು ಮುಖ್ಯಸ್ಥರಾಗಿದ್ದ ಕಲಾಶಾಲೆಯಲ್ಲಿ ಗೃಹಿಣಿಯೊಬ್ಬರ ಕೈಚಳಕಕ್ಕೆ ಗುರುಸ್ಥಾನ ಸಂದಿತು. 1908ರಲ್ಲಿ ಶಾಂತಿನಿಕೇತನಕ್ಕೆ ಬಂದ ಕ್ಷಿತಿಮೋಹನ ಸೇನರು ಕಬೀರ, ದಾದೂ ಮುಂತಾದ ಸಂತರ ವಾಣಿಯನ್ನು ಸಾಧುಗಳ ಬಾಯಿಂದಲೇ ಕೇಳಿ ಸಂಗ್ರಹಿಸಿದರು.

ಆ ಸಂತ ಪರಂಪರೆಗೆ ಶಾಂತಿನಿಕೇತನದ ಗೋಡೆಯ ಮೇಲೆಯೇ ಒಂದು ಸ್ಮಾರಕವಿದೆ. 1946–47ರಲ್ಲಿ ವಿನೋದ ಬಿಹಾರಿ ಮುಖರ್ಜಿಯವರು ಹಿಂದೀ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಜೀವನವನ್ನು ಚಿತ್ರಿಸಿದರು. ರಾಮಾನುಜರು, ಕಬೀರರು, ರವಿದಾಸರು, ಸೂರದಾಸರು, ತುಳಸೀದಾಸರು ಅಲ್ಲಿ ಜನಜಂಗುಳಿಯ ನಡುವೆ, ಗೇಯುವವರ ಸಂಗಡ, ನದಿಯಂತೆ ಹರಿಯುವ ಒಂದೇ ದೃಶ್ಯದಲ್ಲಿ ಕಾಣುತ್ತಾರೆ. ಹುಟ್ಟಿನಿಂದಲೇ ಮಂದದೃಷ್ಟಿಯವರಾಗಿದ್ದ ಈ ಕಲಾವಿದರು ಹಸಿ ಗಾರೆಯ ಮೇಲೆ ಇದನ್ನು ರಚಿಸಿದರು. ಅದಾಗಿ ಹತ್ತು ವರ್ಷಗಳಲ್ಲಿ ಅವರ ಕಣ್ಣು ಸಂಪೂರ್ಣ ಕತ್ತಲಾಯಿತು. ಅನಂತರವೂ ಅವರು ಕಲಾರಚನೆಯನ್ನು ಬಿಡಲಿಲ್ಲ.

ನೇಗಿಲಿಗೆ ಗೌರವ

1922ರ ಫೆಬ್ರವರಿ 6ರಂದು ಶಾಂತಿನಿಕೇತನದ ಪಕ್ಕದ ಸುರುಲ್ ಗ್ರಾಮದಲ್ಲಿ ಶ್ರೀನಿಕೇತನ ಆರಂಭವಾಯಿತು. ಕೃಷಿ ಸುಧಾರಣೆ, ಮಲೇರಿಯಾ ನಿವಾರಣೆ, ಸಹಕಾರ, ಗ್ರಾಮ ಕೈಗಾರಿಕೆಗಳೇ ಅಲ್ಲಿಯ ಪಾಠಗಳು. ಇಂಗ್ಲೆಂಡಿನ ಕೃಷಿ ವಿಜ್ಞಾನಿ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅದರ ಮೊದಲ ನಿರ್ದೇಶಕರು. ಶ್ರೀನಿಕೇತನದ ವಾರ್ಷಿಕೋತ್ಸವವೂ ಫೆಬ್ರವರಿಯಲ್ಲಿ ಒಂದು ಮೇಳವಾಗಿಯೇ ನಡೆಯುತ್ತದೆ.

1928ರ ಮಳೆಗಾಲದಲ್ಲಿ ಇಲ್ಲಿ ಎರಡು ಹೊಸ ಹಬ್ಬಗಳು ಮೊದಲಾದವು. ಒಂದು ವೃಕ್ಷಾರೋಪಣ. ಅಲಂಕರಿಸಿದ ಪಲ್ಲಕ್ಕಿಯಲ್ಲಿ ಗಿಡವನ್ನು ಕೂರಿಸಿ ವಿದ್ಯಾರ್ಥಿಗಳು ಹಾಡಿ ಕುಣಿಯುತ್ತ ಮೆರವಣಿಗೆಯಲ್ಲಿ ತಂದು ನೆಡುತ್ತಾರೆ; ಪಂಚಭೂತಗಳನ್ನು ಪ್ರತಿನಿಧಿಸುವ ಮಕ್ಕಳು ಅದಕ್ಕೆ ಹರಸುತ್ತಾರೆ. ಮತ್ತೊಂದು ಹಲಕರ್ಷಣ. ಸಿಂಗರಿಸಿದ ಎತ್ತುಗಳನ್ನು ಹೂಡಿ, ಮಂತ್ರಪಠನದೊಡನೆ ನೆಲವನ್ನು ಉಳುವ ಹಬ್ಬ ಇದು. ಕವಿಯ ನಿಧನಾನಂತರ ಅವರ ಪುಣ್ಯತಿಥಿಯಾದ ಶ್ರಾವಣದ 22ರಂದು ವೃಕ್ಷಾರೋಪಣವೂ ಮರುದಿನ ಹಲಕರ್ಷಣವೂ ನಡೆಯುತ್ತ ಬಂದಿವೆ. ವಿಶ್ವವಿದ್ಯಾಲಯವೊಂದರ ಹಬ್ಬದ ಪಂಚಾಂಗದಲ್ಲಿ ಉಳುಮೆಗೂ ಘಟಿಕೋತ್ಸವಕ್ಕೂ ಸಮಾನ ಸ್ಥಾನವಿದೆ. ಕಾಯಕದ ಘನತೆಯನ್ನು ಎತ್ತಿಹಿಡಿದ ಶರಣರ ನಾಡಿನವರಿಗೆ ಈ ಸಾಮ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ನಡೆಸಲು ಹಣ ಸುಲಭವಾಗಿ ಒದಗಲಿಲ್ಲ. ವೃದ್ಧಾಪ್ಯದಲ್ಲಿಯೂ ರವೀಂದ್ರನಾಥರು ವಿದ್ಯಾರ್ಥಿಗಳ ನೃತ್ಯನಾಟಕ ತಂಡವನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಸ್ಥೆಗೆ ಧನ ಸಂಗ್ರಹಿಸಿದರು. 1936ರಲ್ಲಿ ದೆಹಲಿಯಲ್ಲಿ ಇದನ್ನು ಕಂಡ ಮಹಾತ್ಮ ಗಾಂಧಿಯವರು ಮನನೊಂದು, 60,000 ರೂಪಾಯಿಗಳನ್ನು ಒದಗಿಸಿಕೊಟ್ಟು, ಆ ವಯಸ್ಸಿನಲ್ಲಿ ಇಂಥ ಪ್ರಯಾಸ ಬೇಡವೆಂದು ಕೋರಿದರು.

ಮೇಳ ನಿಂತ ವರ್ಷಗಳು

ಪೌಷ ಮೇಳದ ಚರಿತ್ರೆಯಲ್ಲಿ ನೋವಿನ ಪುಟಗಳೂ ಇವೆ. 1943ರಲ್ಲಿ ಬಂಗಾಳವನ್ನು ಭೀಕರ ಕ್ಷಾಮ ಆವರಿಸಿದಾಗ ಮೇಳ ನಡೆಯಲಿಲ್ಲ. ಕೋಮುಗಲಭೆಗಳ ವರ್ಷವಾದ 1946ರಲ್ಲಿಯೂ ನಡೆಯಲಿಲ್ಲ. ನೆರೆಹೊರೆ ಹಸಿದಿರುವಾಗ, ಊರು ಹೊತ್ತಿ ಉರಿಯುತ್ತಿರುವಾಗ ಸಂಭ್ರಮ ಸಲ್ಲದೆಂಬುದು ಆ ಕಾಲದ ವಿವೇಕವಾಗಿತ್ತು.

ಈಚಿನ ದಶಕಗಳ ಸಂಕಟ ಬೇರೆ ಬಗೆಯದು. ಮೇಳದ ಖ್ಯಾತಿ ಹೆಚ್ಚಿದಂತೆ ನಗರದ ಪ್ರವಾಸಿಗರು ಕಿಕ್ಕಿರಿದರು. ಕುಂಬಾರರ, ಬುಟ್ಟಿ ಹೆಣೆಯುವವರ ಮಗ್ಗುಲಲ್ಲಿ ಕಾರ್ಖಾನೆಯ ಸರಕಿನ ಮಳಿಗೆಗಳು ಎದ್ದವು. ಧೂಳು, ಹೊಗೆ, ಪ್ಲಾಸ್ಟಿಕ್ ಕಸ, ಧ್ವನಿವರ್ಧಕಗಳ ಅಬ್ಬರ ಮಿತಿಮೀರಿದವು. ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ನ್ಯಾಯಮಂಡಳಿ ನಿರ್ಬಂಧಗಳನ್ನು ವಿಧಿಸಿತು. 2020ರ ಆಗಸ್ಟಿನಲ್ಲಿ ಮೇಳದ ಮೈದಾನದ ಸುತ್ತ ಗೋಡೆ ಕಟ್ಟುವ ವಿಚಾರವಾಗಿ ವಿಶ್ವವಿದ್ಯಾಲಯಕ್ಕೂ ಸ್ಥಳೀಯರಿಗೂ ವಿರಸವುಂಟಾಗಿ ಘರ್ಷಣೆಯೇ ನಡೆಯಿತು. ಅದೇ ವರ್ಷ ಕೊರೊನಾ ಸೋಂಕಿನ ಕಾರಣದಿಂದ ಮೇಳ ನಿಂತಿತು. ಮುಂದಿನ ಎರಡು ವರ್ಷಗಳಲ್ಲಿಯೂ ವಿಶ್ವವಿದ್ಯಾಲಯ ಅದನ್ನು ನಡೆಸಲಿಲ್ಲ. 2023ರಲ್ಲಿ ಜಿಲ್ಲಾಡಳಿತ ಮುಂದೆ ಬಂದು ಮೇಳ ನಡೆಸಿತು. 2024ರಲ್ಲಿ ವಿಶ್ವಭಾರತಿ ಮತ್ತು ಶಾಂತಿನಿಕೇತನ ಟ್ರಸ್ಟ್ ಮತ್ತೆ ಹೊಣೆ ಹೊತ್ತವು.

2023ರ ಸೆಪ್ಟೆಂಬರ್ 17ರಂದು ಯುನೆಸ್ಕೊ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಕಟ್ಟಡ, ಶಿಲ್ಪ, ಭಿತ್ತಿಚಿತ್ರಗಳಿಗೆ ಜಗತ್ತಿನ ಮನ್ನಣೆ ದೊರೆತ ಹೊತ್ತಿನಲ್ಲಿಯೇ ಆ ಪರಂಪರೆಯನ್ನು ಜನರೊಡನೆ ಬೆಸೆದಿದ್ದ ಮೇಳ ತೂಗುಯ್ಯಾಲೆಯಲ್ಲಿತ್ತು. ಬಾವುಲರು, ಸಂತಾಲರು, ಕುಶಲಕರ್ಮಿಗಳು ತಮ್ಮ ವರ್ಷದ ದೊಡ್ಡ ಸಂತೆಯನ್ನು ಕಳೆದುಕೊಂಡಿದ್ದರು. ಗೋಡೆಗಳನ್ನು ಕಾಪಾಡುವುದು ಸರ್ಕಾರದ ಇಲಾಖೆಗಳಿಂದ ಸಾಧ್ಯ. ನೆರೆಯವರೊಡನೆ ಬೆಳೆದ ವಿಶ್ವಾಸವನ್ನು ಪ್ರತಿ ವರ್ಷವೂ ಹೊಸದಾಗಿ ಗಳಿಸಬೇಕಾಗುತ್ತದೆ. ಅದು ಸಡಿಲಗೊಂಡಾಗ ಮೊದಲು ನಿಲ್ಲುವುದು ಉತ್ಸವವೇ ಎಂಬುದಕ್ಕೆ ಈ ವರ್ಷಗಳು ಸಾಕ್ಷಿ.

ನಮ್ಮ ಕಾಲೇಜುಗಳಿಗೆ ಒದಗುವ ಮಾದರಿ

ಜಾತ್ರೆಯನ್ನೂ ವಿದ್ಯೆಯನ್ನೂ ಒಂದುಗೂಡಿಸುವ ವಿವೇಕ ಕನ್ನಡ ನಾಡಿಗೆ ಹೊಸತೇನಲ್ಲ. ಸಿದ್ಧಗಂಗೆಯ ಜಾತ್ರೆಯ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ, ಸುತ್ತೂರು ಜಾತ್ರೆಯ ಕೃಷಿ ಮೇಳ ಹಾಗೂ ದೇಸಿ ಆಟಗಳು, ಊರಿಂದೂರಿಗೆ ಸಾಗುವ ತರಳಬಾಳು ಹುಣ್ಣಿಮೆಯ ವಿಚಾರಗೋಷ್ಠಿಗಳು ಭಕ್ತರೆಲ್ಲರಿಗೂ ಪರಿಚಿತ. ಅಲ್ಲಿ ಕಾಣುವ ಈ ಸಮುದಾಯ ಪ್ರಜ್ಞೆ ಕಾಲೇಜುಗಳ ವಾರ್ಷಿಕೋತ್ಸವಕ್ಕೂ ಇಳಿದು ಬರಬೇಕಾಗಿದೆ. ಶಾಂತಿನಿಕೇತನದ ಅನುಭವದಿಂದ ಇದಕ್ಕೆ ಕೆಲವು ಸೂತ್ರಗಳನ್ನು ಹೆಕ್ಕಿಕೊಳ್ಳಬಹುದು.

ಮೊದಲನೆಯದು, ಸಂಸ್ಥೆಯ ಹುಟ್ಟಿನ ಸ್ಮರಣೆ. ಭೂಮಿ ಕೊಟ್ಟವರು, ಹಿಡಿ ಅಕ್ಕಿ ಎತ್ತಿ ವಿದ್ಯಾರ್ಥಿ ನಿಲಯ ನಡೆಸಿದವರು, ಮೊದಲ ತಂಡದ ಶಿಕ್ಷಕರು ಇವರ ವಿವರಗಳನ್ನು ವಿದ್ಯಾರ್ಥಿಗಳೇ ಹಿರಿಯರ ಬಳಿ ಹೋಗಿ ಕೇಳಿ ಬರೆದು, ಅಂದು ಸಭೆಯಲ್ಲಿ ಓದುವುದು ಯೋಗ್ಯ. ಕಾಲೇಜಿನ ಪರಂಪರೆಯೂ ಭಾರತೀಯ ಪರಂಪರೆಯ ಒಂದು ಭಾಗವೇ ಆಗಿದೆ.

ಎರಡನೆಯದು, ಕಲಾವಿದರಿಗೆ ಗುರುಸ್ಥಾನ. ವೀರಗಾಸೆಯೋ ತತ್ವಪದವೋ ಕರಡಿ ಮಜಲೋ ವೇದಿಕೆಗೆ ಬರುವ ಮುನ್ನ ಆ ಊರಿನ ಕಲಾವಿದರು ಒಂದೆರಡು ತಿಂಗಳಾದರೂ ಕಾಲೇಜಿಗೆ ಬಂದು ಕಲಿಸಬೇಕು. ಉಪನ್ಯಾಸಕರಿಗೆ ಸಲ್ಲುವ ಗೌರವ, ಗೌರವಧನ ಅವರಿಗೂ ಸಲ್ಲಬೇಕು. ವೀರಗಾಸೆಯ ಒಡಪು ಹೇಳುವವರಿಗೆ ಅದರ ಅರ್ಥ ತಿಳಿದಿರಬೇಕು. ಹಲಗೆ ಬಾರಿಸುವ ವಿದ್ಯಾರ್ಥಿಗೆ ಆ ವಾದ್ಯವನ್ನು ತಲೆಮಾರುಗಳಿಂದ ನುಡಿಸಿದವರು ಉಂಡ ಅವಮಾನವೂ ತಿಳಿದಿರಬೇಕು.

ಮೂರನೆಯದು, ತೆರೆದ ಬಾಗಿಲು. ಆಮಂತ್ರಣ ಪತ್ರಿಕೆ ಪಾಲಕರಿಗೂ ಗಣ್ಯರಿಗೂ ಮುಗಿಯದೆ ಸುತ್ತಲಿನ ಹಳ್ಳಿಗಳ ನೇಕಾರರು, ಕುಂಬಾರರು, ಕಂಬಳಿ ನೇಯುವವರು, ಸಿರಿಧಾನ್ಯ ಬೆಳೆಯುವ ರೈತರಿಗೂ ತಲುಪಬೇಕು. ಅವರ ಸಾಮಗ್ರಿಗೆ ಕಾಲೇಜಿನ ಅಂಗಳದಲ್ಲಿ ಬಾಡಿಗೆಯಿಲ್ಲದ ಜಾಗ ದೊರೆತರೆ ಪರಂಪರೆಗೆ ಹೊಗಳಿಕೆಯೊಡನೆ ಅನ್ನವೂ ದೊರೆಯುತ್ತದೆ.

ನಾಲ್ಕನೆಯದು, ಮಿತಿಯ ಅರಿವು. ಸಾವಿರಾರು ಜನ ಸೇರುವುದೇ ಯಶಸ್ಸಿನ ಅಳತೆಯಲ್ಲ. ಕಸದ ವಿಲೇವಾರಿ, ಧ್ವನಿಯ ಮಿತಿ, ದಾಸೋಹದಲ್ಲಿ ಅನ್ನ ಪೋಲಾಗದ ಎಚ್ಚರ ಇವು ಉತ್ಸವದ ಅಂಗಗಳೇ. ಅಂದು ನೆಟ್ಟ ಗಿಡವನ್ನು ಮುಂದಿನ ವಾರ್ಷಿಕೋತ್ಸವದವರೆಗೆ ನೀರೆರೆದು ಉಳಿಸುವ ಹೊಣೆಯನ್ನು ಒಂದೊಂದು ತರಗತಿಗೆ ವಹಿಸಬಹುದು.

ಐದನೆಯದು, ಮೌನಕ್ಕೊಂದು ಹೊತ್ತು. ಆ ವರ್ಷ ಅಗಲಿದ ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳನ್ನು ಹೆಸರು ಹಿಡಿದು ನೆನೆಯುವ ಕೆಲವು ನಿಮಿಷಗಳು ಇಡೀ ಸಮಾರಂಭಕ್ಕೆ ಗಾಂಭೀರ್ಯವನ್ನು ತರುತ್ತವೆ.

ಇವುಗಳಲ್ಲಿ ಯಾವುದಕ್ಕೂ ಅಪಾರ ಹಣ ಬೇಕಿಲ್ಲ. ಐವರು ಮಕ್ಕಳು, ಒಂದು ಮರದ ನೆರಳು, ವರ್ಷಕ್ಕೊಮ್ಮೆ ಸೇರುವ ಹಳ್ಳಿಗರ ಸಂತೆ ಇಷ್ಟರಿಂದಲೇ ಶಾಂತಿನಿಕೇತನ ಆರಂಭವಾಯಿತು. ಮುಂದಿನ ವಾರ್ಷಿಕೋತ್ಸವದ ಸಿದ್ಧತಾ ಸಭೆ ಸೇರಿದಾಗ ವೇದಿಕೆಯ ಅಲಂಕಾರದ ಚರ್ಚೆಗೆ ಮೊದಲು, ಈ ಸಲ ನಮ್ಮ ನೆರೆಯ ಯಾವ ಕಲಾವಿದರನ್ನು ಗುರುವಾಗಿ ಕರೆಯೋಣ ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು. ಆ ಉತ್ತರದೊಡನೆ ಕಾಲೇಜಿನ ಆ ವರ್ಷದ ಪಾಠವೂ ಆರಂಭವಾಗುತ್ತದೆ.